ಕೊನೆಯ ಇಟ್ಟಂಗಿಯ ಮೇಲೆ ಅಕ್ಕನ ಹೆಸರು

ಹೋದ ತಿಂಗಳು ಸೇಡಂನಿಂದ ಕಲಬುರಗಿಗೆ ಹೊರಟಿದ್ದ ರೈಲು ವಾಡಿಯಲ್ಲಿ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ನಿಂತ ರೈಲಿನಲ್ಲಿ ತೆಪ್ಪಗೆ ಕೂರುವ ಜಾಯಮಾನ ನನ್ನದಲ್ಲ. ಎದುರಿಗೆ ಕುಳಿತವರು "ಇಳೀಬ್ಯಾಡ್ರಿ ಅಮ್ಮಾ, ಯಾವಾಗ ಬಿಡ್ತದೋ ಹೇಳಾಕ ಬರಂಗಿಲ್ಲ" ಎಂದರೂ ಕೇಳದೆ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ಅತ್ತಿಂದಿತ್ತ ಅಡ್ಡಾಡತೊಡಗಿದೆ. ಗಾಳಿ ಸಿಮೆಂಟು ಕಾರ್ಖಾನೆಯ ಕಡೆಯಿಂದ ಬೀಸಿತು ನೋಡಿ, ಆ ವಾಸನೆ ಬಂತು. ಕಾದ ಇಟ್ಟಂಗಿಯ ಮೇಲೆ ನೀರು ಚಿಮುಕಿಸಿದರೆ ಏಳುತ್ತದಲ್ಲ, ಅದು. ಅದರ ಜೊತೆಗೆ ಕಲ್ಲಿದ್ದಲ ಹೊಗೆ, ಸುಣ್ಣಗಲ್ಲಿನ ಧೂಳು. ನಲವತ್ತು ವರ್ಷಕ್ಕೂ ಹಿಂದಿನ ಒಂದು ಬೇಸಿಗೆ ಹಾಗೇ ಎದ್ದು ಬಂತು. ಆಗಲೂ ನಾನು ಹೀಗೇ ಅಡ್ಡಾಡುತ್ತಿದ್ದೆ, ಅಕ್ಕನ ಮನೆಯ ಅಂಗಳದಲ್ಲಿ, ಅಮೆರಿಕದವರ ನೌಕೆಯೊಂದು ಸುರಕ್ಷಿತವಾಗಿ ನೆಲಕ್ಕೆ ಇಳಿಯಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಳ್ಳುತ್ತ.

ನಗಬೇಡಿ. ಆ ನೌಕೆಗೂ ನಮ್ಮ ಅಕ್ಕನ ಸಂಸಾರಕ್ಕೂ ಸಂಬಂಧವಿತ್ತು.

ನಾನು ವಾಡಿಗೆ ಹೈಸ್ಕೂಲಿನ ವಿಜ್ಞಾನದ ಟೀಚರಾಗಿ ಬಂದಿದ್ದೆ. ಮೊದಲ ನೌಕರಿ. ಇರಲಿಕ್ಕೆ ಅಕ್ಕ ಸರೋಜಾಳ ಮನೆಯಿತ್ತು, ಸಿಮೆಂಟು ಕಾರ್ಖಾನೆಯ ಕಾಲೋನಿಯಲ್ಲಿ, ಎರಡು ಖೋಲಿ, ಮುಂದೆ ಒಂದು ಅಂಗಳ. ಅಕ್ಕನ ಗಂಡ ಶಿವಶರಣಪ್ಪನವರನ್ನು ನಾನು ಮಾಮಾ ಎಂದೇ ಕರೆಯುತ್ತಿದ್ದೆ. ಶಹಾಬಾದಿನವರು. ಅವರ ಅಪ್ಪ ಮನೆಮನೆಯ ನೆಲಕ್ಕೆ ಫರಸಿ ಕಲ್ಲು ಹಾಸುವವರಾಗಿದ್ದರು. ಮಾಮಾ ಕಿಲ್ನಿಗೆ ಇಟ್ಟಂಗಿ ಹಚ್ಚುವ ಮಿಸ್ತ್ರಿಯಾದರು. ಜಂಬದ ಮನುಷ್ಯ. ಯಾರ ಮನೆಗೆ ಹೋದರೂ ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು "ಇದು ಯಾವ ಮಗ ಕಟ್ಟ್ಯಾನ್ರಿ?" ಎಂದು ಕೇಳಿ ಮನೆಯವರ ಮುಖ ಸಣ್ಣದು ಮಾಡುತ್ತಿದ್ದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಕಿಲ್ನು ಎಂದರೆ ಒಲೆಯಲ್ಲ, ಮಲಗಿಸಿಟ್ಟ ಭಾರೀ ಉಕ್ಕಿನ ಕೊಳವೆ. ಒಳಗೆ ಎತ್ತರದ ಮನುಷ್ಯನೂ ಆರಾಮಾಗಿ ನಡೆದಾಡಬಹುದು. ಅದು ಹಗಲೂ ರಾತ್ರಿ ನಿಧಾನವಾಗಿ ತಿರುಗುತ್ತದೆ, ಒಳಗೆ ಬೆಂಕಿ ಭುಸುಗುಡುತ್ತದೆ, ಸುಣ್ಣಗಲ್ಲು ಬೇಯುತ್ತದೆ. ಉಕ್ಕು ಕರಗಿ ಹೋಗದಿರಲಿ ಎಂದು ಒಳಮೈಗೆಲ್ಲ ಬೆಂಕಿ ತಡೆಯುವ ಇಟ್ಟಂಗಿಯನ್ನು ದುಂಡಗೆ, ಒಂದರ ಪಕ್ಕ ಒಂದು ರಿಂಗಿನ ಹಾಗೆ ಹಚ್ಚಬೇಕು. ತಲೆಯ ಮೇಲಿನ ಇಟ್ಟಂಗಿಯನ್ನು ಹಿಡಿದಿಡುವುದು ಗಾರೆಯಲ್ಲ, ಪಕ್ಕದ ಇಟ್ಟಂಗಿಯ ಬಿಗಿ. ರಿಂಗು ಮುಗಿಯುವಾಗ ಕೊನೆಯ ಇಟ್ಟಂಗಿಯನ್ನು ಹೊಡೆದು ಕೂರಿಸಿ, ಸಂದಿನಲ್ಲಿ ಒಂದು ತೆಳು ಉಕ್ಕಿನ ತಗಡು ಬಡಿದು ಬಿಗಿ ಮಾಡುತ್ತಾರೆ. ಒಂದು ಸಂದಿಗೆ ಒಂದೇ ತಗಡು. ಎರಡು ಹಾಕಿದರೆ ಒಂದರ ಮೇಲೊಂದು ಜಾರುತ್ತವೆ, ಕಾವು ಏರಿದ ಮೇಲೆ ರಿಂಗು ಸಡಿಲಾಗುತ್ತದೆ. ಇದನ್ನು ಮಾಮಾ ಊಟಕ್ಕೆ ಕೂತಾಗ ರೊಟ್ಟಿಯ ಚೂರುಗಳನ್ನು ದುಂಡಗೆ ಜೋಡಿಸಿ ನನಗೆ ತೋರಿಸಿದ್ದರು. ಅಕ್ಕ "ಉಣ್ಣೂ ಅನ್ನದಾಗ ಆಟ ಆಡ್ಬ್ಯಾಡ್ರಿ" ಎಂದು ಬೈದಿದ್ದಳು.

ಮಿಸ್ತ್ರಿಗಳಲ್ಲಿ ಒಂದು ಪದ್ಧತಿ ಇತ್ತು. ಕೆಲಸದ ಕೊನೆಯ ರಿಂಗಿನ ಕೊನೆಯ ಇಟ್ಟಂಗಿಯ ಮೇಲೆ, ಬೆಂಕಿಗೆ ಮುಖ ಮಾಡುವ ಬದಿಯಲ್ಲಿ, ಸೀಮೆಸುಣ್ಣದಿಂದ ಒಂದು ಹೆಸರು ಬರೆಯುವುದು. ಕೆಲವರು ಕಲಬುರಗಿ ದರ್ಗಾದ ಬಂದೇನವಾಜರ ಹೆಸರು ಬರೆಯುತ್ತಿದ್ದರು, ಕೆಲವರು ಶರಣಬಸವನದು, ಕೆಲವರು ಮಗಳದು. ಬೆಂಕಿ ಹೊತ್ತಿದ ಗಳಿಗೆ ಅದು ಉರಿದು ಹೋಗುತ್ತದೆ, ಯಾರೂ ನೋಡುವುದಿಲ್ಲ. ಆ ವರ್ಷ ದೀಪಾವಳಿಗೆ ಕಿಲ್ನು ನಿಲ್ಲಿಸಿ ಇಟ್ಟಂಗಿ ಬದಲಿಸುವ ಬಂದ್‌ನಲ್ಲಿ ಮಾಮಾ ಅಕ್ಕನ ಹೆಸರು ಬರೆದರು. ಬರೆದು ಸುಮ್ಮನಿರದೆ ಮನೆಗೆ ಬಂದು ಹೇಳಿದರು. ಅಕ್ಕ ಕೆಂಪಗಾಗಿ "ಏನ್ ಹುಚ್ಚೋ ನಿಮ್ಮದು" ಎಂದಳು, ಮರುದಿನ ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತ ಹೆಂಗಸರಿಗೆಲ್ಲ ಒಬ್ಬೊಬ್ಬರಿಗೇ ಹೇಳಿ ಬಂದಳು.

ಎಳ್ಳಮಾಸಿಯ ಹಿಂದಿನ ದಿನ ಆ ರಿಂಗು ಬಿತ್ತು.

ಮೊದಲು ತಿರುಗುವ ಉಕ್ಕಿನ ಹೊರಮೈಯಲ್ಲಿ ಕೆಂಪು ಮಚ್ಚೆ ಕಾಣಿಸಿತಂತೆ. ಒಳಗೆ ಇಟ್ಟಂಗಿ ಇಲ್ಲ ಎಂದು ಅದರ ಅರ್ಥ. ಕಿಲ್ನು ನಿಲ್ಲಿಸಿ, ಆರಿಸಿ, ಮಾಮಾ ಮತ್ತು ಅವರ ಜೊತೆಗಾರ ಖಾಜಾಭಾಯಿ ಒಳಗೆ ನೋಡಲು ಹೋದರು. ಸಡಿಲಾಗಿ ಜೋತುಬಿದ್ದಿದ್ದ ಇಟ್ಟಂಗಿಗಳು ಆಗ ಕಳಚಿದವು. ಮಾಮಾ ಹಿಂದಕ್ಕೆ ಜಿಗಿದರು. ಖಾಜಾಭಾಯಿಯ ಬಲಗಾಲು ಸಿಕ್ಕಿಬಿತ್ತು. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ.

ಮರುದಿನ ಎಳ್ಳ ಅಮಾವಾಸ್ಯೆ, ಊರೆಲ್ಲ ಹೊಲದಲ್ಲಿ ಉಣ್ಣಲು ಹೊರಟಿತ್ತು, ಭಜ್ಜಿ, ಸಜ್ಜಿರೊಟ್ಟಿ, ಕಡುಬು ಕಟ್ಟಿಕೊಂಡು. ಪ್ರತಿ ವರ್ಷ ಅಕ್ಕನನ್ನು ಹೊಲಕ್ಕೆ ಕರೆಯುತ್ತಿದ್ದವರು ಆ ವರ್ಷ ಬಾಗಿಲ ಮುಂದೆಯೇ ಹಾದು ಹೋದರು, ಕರೆಯಲಿಲ್ಲ. ಯಾಕೆಂದು ನನಗೆ ಆಮೇಲೆ ತಿಳಿಯಿತು. ನಳದ ಹತ್ತಿರ ಯಾವಳೋ ಅಂದಿದ್ದಳಂತೆ, "ದೇವರ ಹೆಸರು ಬಿಟ್ಟು ಹೆಂಡ್ತಿ ಹೆಸರು ಬರದ್ರ ಹಿಂಗ ಆಗ್ತದ. ಆಕಿ ಹೆಸರು ಆಗಿಬರಲಿಲ್ಲ ನೋಡು." ಮಾತು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹಾರಿ ಇಡೀ ಕಾಲೋನಿ ಸುತ್ತಿತು. ಅಕ್ಕ ಬೆಳಿಗ್ಗೆ ನಳಕ್ಕೆ ಹೋಗುವುದನ್ನು ಬಿಟ್ಟಳು. ಮಧ್ಯಾಹ್ನದ ಉರಿಬಿಸಿಲಿನಲ್ಲಿ, ನಳದ ಹತ್ತಿರ ನಾಯಿಯೂ ಇಲ್ಲದ ಹೊತ್ತಿನಲ್ಲಿ ಹೋಗಿ ನೀರು ತರುತ್ತಿದ್ದಳು. ನಾನು ಜಗಳಕ್ಕೆ ಹೊರಟರೆ ಕೈ ಹಿಡಿದು ನಿಲ್ಲಿಸಿದಳು.

"ಬಿಡು ಸುಮಾ. ಅವ್ರು ಅಂದಿದ್ದರಾಗ ಏನ್ ತಪ್ಪದ? ನನ್ನ ಹೆಸರ ನಿಮ್ಮ ಮಾಮಾಗ ಆಗಿಬರಂಗಿಲ್ಲ ಅಂತ ಕಾಣ್ತದ."

ಅವಳು ಅದನ್ನು ನಂಬಿಬಿಟ್ಟಿದ್ದಳು. ವಿಜ್ಞಾನದ ಟೀಚರು ಮನೆಯಲ್ಲೇ ಇದ್ದೂ ಏನು ಉಪಯೋಗ, ಹೇಳಿ! ನಾನು ಎಷ್ಟು ಬಡಿದುಕೊಂಡರೂ ಅವಳ ತಲೆಗೆ ಹೋಗಲಿಲ್ಲ.

ಮಾಮಾ ಆ ದಿನದಿಂದ ಕಿಲ್ನಿನೊಳಗೆ ಕಾಲಿಡಲಿಲ್ಲ. ಮೈ ಸರಿ ಇಲ್ಲ ಅಂದರು, ರಜೆ ಹಾಕಿದರು, ಆಮೇಲೆ ಹೊರಗಿನ ಸಣ್ಣಪುಟ್ಟ ಕೆಲಸಕ್ಕೆ ನಿಂತರು. ಗೋಡೆ ಬಡಿಯುವುದನ್ನೂ ಬಿಟ್ಟರು. ಮನೆಯಲ್ಲಿ ಒಂದು ಕಡೆ ಕೂರುತ್ತಿರಲಿಲ್ಲ. ಚಹಾ ಕೈಗೆ ಕೊಟ್ಟರೆ ಹಿಡಿದುಕೊಂಡೇ ಅಂಗಳಕ್ಕೆ ಹೋಗಿ, ಆರಿದ ಚಹಾ ಹಾಗೇ ತಂದು ಇಡುತ್ತಿದ್ದರು. ನಾನೂ ಅಡ್ಡಾಡುವವಳೇ. ಇಬ್ಬರೂ ಅಂಗಳದಲ್ಲಿ ಎದುರುಬದುರು ಅಡ್ಡಾಡುವುದನ್ನು ನೋಡಿ ಅಕ್ಕ "ಒಂದು ಮನಿಗಿ ಒಂದು ಹುಚ್ಚು ಸಾಕಿತ್ತು" ಎಂದು ಗೊಣಗುತ್ತಿದ್ದಳು.

ಆ ದಿನಗಳಲ್ಲೇ ನನ್ನ ಕೈಗೆ ನೌಕೆಯ ಸುದ್ದಿ ಸಿಕ್ಕಿತು. ಹೈದರಾಬಾದಿನಿಂದ ರೈಲಿನಲ್ಲಿ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆ ನಮ್ಮ ಸ್ಟಾಫ್ ರೂಮಿಗೆ ಒಂದು ದಿನ ತಡವಾಗಿ ತಲುಪುತ್ತಿತ್ತು. ಅದುವರೆಗೆ ಆಕಾಶಕ್ಕೆ ಹೋದ ನೌಕೆಗಳೆಲ್ಲ ಒಂದು ಸಲ ಹೋಗಿ ಬಂದರೆ ಮುಗಿಯಿತು, ಮತ್ತೆ ಕೆಲಸಕ್ಕೆ ಬಾರದವು. ಇದು ಹಾಗಲ್ಲ. ರಾಕೆಟ್ಟಿನಂತೆ ಏರಿ, ಮನುಷ್ಯರನ್ನು ಕೂರಿಸಿಕೊಂಡು ಭೂಮಿ ಸುತ್ತಿ, ರೆಕ್ಕೆಯ ವಿಮಾನದಂತೆ ಇಳಿಯುತ್ತದೆ. ತೊಳೆದು ತಿದ್ದಿ ಅದನ್ನೇ ಮತ್ತೆ ಕಳಿಸುತ್ತಾರೆ. ಆದರೆ ಹಾರುವ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಕಾರಣ, ಮೈಗೆ ಹಚ್ಚಿದ ಬಿಲ್ಲೆಗಳು. ಇಳಿಯುವಾಗ ಗಾಳಿಗೆ ಉಜ್ಜಿ ಹೊರಮೈಯೆಲ್ಲ ಬೆಂಕಿಯಾಗುತ್ತದೆ, ಅದನ್ನು ತಡೆಯಲಿಕ್ಕೆ ಸಾವಿರಗಟ್ಟಲೆ ಹಗುರ ಬಿಲ್ಲೆಗಳನ್ನು ಒಂದೊಂದಾಗಿ ಕೈಯಿಂದ ಅಂಟಿಸಿದ್ದರು. ಅವು ನಿಲ್ಲುತ್ತಿರಲಿಲ್ಲ.

ಒಂದು ಸಂಜೆ ಇದನ್ನು ಮಾಮಾನಿಗೆ ಹೇಳಿದೆ. ಅಡ್ಡಾಡುತ್ತಿದ್ದವರು ನಿಂತರು.

"ಏನಂದಿ? ವಿಮಾನಕ್ಕ ಫರಸಿ ಹಚ್ಚ್ಯಾರ?"

"ಫರಸಿ ಅಲ್ಲ ಮಾಮಾ, ಬೆಂಕಿ ತಡಿಯೋ ಬಿಲ್ಲಿ."

"ಅಂದ್ರ ನಮ್ಮ ಕಿಲ್ನ ಅನ್ನು. ನಮ್ಮದು ಒಳಗ ಬೆಂಕಿ, ಅವ್ರದು ಹೊರಗ ಬೆಂಕಿ. ಬಿದ್ದಾವೇನು?"

"ಇನ್ನೊಂದು ವಿಮಾನದ ಬೆನ್ನಮ್ಯಾಲ ಇಟ್ಟು ಒಯ್ಯುವಾಗನ ಉದುರಿದವಂತ್ರಿ."

ಮಾಮಾ ಕಟ್ಟೆಯ ಮೇಲೆ ಕುಳಿತರು. ಎಷ್ಟೋ ದಿನಕ್ಕೆ ಕುಳಿತರು. "ಓದು, ಪೂರಾ ಓದು" ಎಂದರು. ಅಂದಿನಿಂದ ಅದು ದಿನದ ಕೆಲಸವಾಯಿತು. ಶಾಲೆ ಬಿಟ್ಟು ಬರುವಾಗ ಪತ್ರಿಕೆ ತರಬೇಕು, ಓದಿ ಕನ್ನಡದಲ್ಲಿ ಹೇಳಬೇಕು. ಸುದ್ದಿಯಿಲ್ಲದ ದಿನ ನನ್ನ ಮೇಲೆಯೇ ಸಿಟ್ಟು. ಅಲ್ಲಿಯ ಕೆಲಸಗಾರರು ಹಚ್ಚಿದ ಬಿಲ್ಲೆಗಳನ್ನು ಎಳೆದು ಎಳೆದು ನೋಡುತ್ತಾರಂತೆ, ಬಿಗಿ ಸಾಲದ್ದನ್ನು ಕಿತ್ತು ಮತ್ತೆ ಹಚ್ಚುತ್ತಾರಂತೆ ಎಂದು ಓದಿದ ದಿನ ಮಾಮಾ ಪತ್ರಿಕೆಯ ಮೇಲೆ ಕೈಯಿಟ್ಟು ತಡೆದರು.

"ತಾವ ಹಚ್ಚಿದ್ದು ತಾವ ಕೀಳ್ತಾರ?"

"ಹೌದ್ರಿ. ಅದಕ್ಕ ತಡ ಆಗ್ಯದ."

"ಜಗತ್ತೆಲ್ಲ ನಗಾಕತ್ತಿದ್ರೂ ಕೀಳ್ತಾರ?"

ನನಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾದದ್ದು ಮಾರ್ಚಿನಲ್ಲಿ. ಹಾರಲು ಸಜ್ಜಾಗಿ ನಿಂತ ಆ ನೌಕೆಯ ಹಿಂಬದಿಯ ಹೊಟ್ಟೆಯೊಳಗೆ ಕೆಲಸಗಾರರು ಹೋಗಿದ್ದಾಗ, ಅಲ್ಲಿ ತುಂಬಿದ್ದ ಅನಿಲದಿಂದ ಉಸಿರು ಕಟ್ಟಿ ಬಿದ್ದರು, ಜೀವ ಹೋಯಿತು ಎಂಬ ಸುದ್ದಿ ಬಂತು. ನಾನು ಓದಿ ಮುಗಿಸಿ ತಲೆಯೆತ್ತಿದರೆ ಮಾಮಾನ ಕಣ್ಣಲ್ಲಿ ನೀರು.

"ಸತ್ತಾಂವ ಹಾರಾಂವ ಅಲ್ಲ ಸುಮಾ, ಹಚ್ಚಾಂವ" ಎಂದರು. ಆಮೇಲೆ, ಅಡುಗೆಮನೆಯ ಕಡೆಗೊಮ್ಮೆ ನೋಡಿ ದನಿ ಇಳಿಸಿ, "ನಾ ಎರಡು ತಗಡು ಹಾಕಿದ್ದೆ" ಎಂದರು.

"ಏನ್ರಿ?"

"ದೀಪಾವಳಿಗಿ. ಕೊನೀ ರಿಂಗಿನಾಗ. ಸಂದು ಜರಾ ಅಗಲ ಉಳೀತು. ಆ ಇಟ್ಟಂಗಿ ತಗದು ಬ್ಯಾರೇದು ಕಡದು ಕೂಡಿಸಬೇಕಿತ್ತು. ಪಾಳಿ ಮುಗಿಯೂ ಭೋಂಗಾ ಆಗೂ ಹೊತ್ತು, ಎಲ್ಲಾರಿಗೂ ಮನಿಗಿ ಹೋಗಿ ದೀಪ ಹಚ್ಚೂ ಗಡಿಬಿಡಿ. ಎರಡು ತಗಡು ಬಡದು ಬಿಗಿ ಮಾಡ್ದೆ. ಮ್ಯಾಲ ನಿಮ್ಮಕ್ಕನ ಹೆಸರು ಬರದೆ."

ನನಗೆ ಬಂದ ಸಿಟ್ಟು ಹೇಳಲಾರೆ. ಖಾಜಾಭಾಯಿಯ ಕಾಲು ಒಂದು ಕಡೆ ಇರಲಿ. ಉರಿಬಿಸಿಲಿನಲ್ಲಿ ಕೊಡ ಹೊತ್ತು ಬರುವ ನನ್ನ ಅಕ್ಕನ ಮುಖ ಕಣ್ಣ ಮುಂದೆ ಬಂತು.

"ಊರಾಗ ಎಲ್ಲಾರೂ ಆಕಿ ಹೆಸರಿಗಿ ಅನ್ನಾಕತ್ತಾರ. ಆಕೀನೂ ನಂಬ್ಯಾಳ. ನೀವು ಕೇಳ್ಕೋತ ಕುಂತೀರಿ?"

"ಹ್ಯಾಂಗ ಹೇಳಲಿ? ಹೇಳಿದ್ರ ಆಕಿ ಮತ್ತ ನನ್ನ ಮುಖಾ ನೋಡ್ತಾಳೇನು?"

"ಇವತ್ತ ಹೇಳ್ರಿ. ಈಗ ಹೇಳ್ರಿ."

"ಹೇಳ್ತೀನಿ. ಆ ನೌಕ್ಯಾಗ ಹೋಗೂ ಇಬ್ಬರು ಹಾರಿ, ಸುಖವಾಗಿ ಇಳೀಲಿ. ಅವತ್ತ ಹೇಳ್ತೀನಿ. ಕಿಲ್ನಿನ ಒಳಗೂ ಹೋಗ್ತೀನಿ. ಬಸವಣ್ಣನ ಆಣಿ."

"ಅವ್ರು ಇಳೀಲಿಲ್ಲಂದ್ರ? ಅಕ್ಕ ಸಾಯೂತನಕ ಮಧ್ಯಾಹ್ನ ನೀರು ತರಬೇಕೇನ್ರಿ?"

ಮಾಮಾ ಎದ್ದು ಅಡ್ಡಾಡತೊಡಗಿದರು. ನಾನೇ ಹೇಳಿಬಿಡಬಹುದಿತ್ತು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನಮ್ಮ ಮನೆಯಲ್ಲಿ ಹೆಸರುವಾಸಿ. ಆದರೆ ಇದು ನನ್ನ ಬಾಯಿಂದ ಹೊರಟರೆ ಅಕ್ಕನಿಗೆ ಗಂಡನ ಮೇಲಿನ ಗೌರವ ಹೋಗುತ್ತದೆ, ಅವರ ಬಾಯಿಂದಲೇ ಬಂದರೆ ಸ್ವಲ್ಪವಾದರೂ ಉಳಿಯುತ್ತದೆ ಅನಿಸಿತು. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಸುಮ್ಮನಿದ್ದೆ ಅಂದೆನಲ್ಲ, ಪಾತ್ರೆಯನ್ನೆಲ್ಲ ಸದ್ದು ಮಾಡಿ ಇಟ್ಟೆ, ಮಾಮಾನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಯುಗಾದಿ ಮುಗಿದು ಬಿಸಿಲು ನೆತ್ತಿ ಸೀಳತೊಡಗಿತ್ತು. ಕಿಲ್ನಿನ ಬೇಸಿಗೆ ಬಂದ್ ಬಂತು. ಅಕ್ಕ ಒಳಗೊಳಗೇ ಒಂದು ಕೆಲಸ ಮಾಡಿದ್ದಳು. ಕಾರ್ಖಾನೆಯ ಸಾಹೇಬರ ಹೆಂಡತಿಯನ್ನು ಕಂಡು, ಕೈಮುಗಿದು, ಮಾಮಾನಿಗೆ ಸ್ಟೋರಿನಲ್ಲಿ ಕೆಲಸ ಕೇಳಿಕೊಂಡಿದ್ದಳು. ಸಾಹೇಬರು ಒಪ್ಪಿದ್ದರು. ಮಂಗಳವಾರ ಬೆಳಿಗ್ಗೆ ಮಿಸ್ತ್ರಿಗಳ ಗ್ಯಾಂಗು ಕಿಲ್ನಿನೊಳಗೆ ಹೋಗುತ್ತದೆ; ಅಷ್ಟರೊಳಗೆ ಮಾಮಾ ಒಳಗೆ ಹೋಗುವುದೋ ಸ್ಟೋರಿಗೆ ಹೋಗುವುದೋ ಹೇಳಬೇಕು. ಸ್ಟೋರಿಗೆ ಹೋದರೆ ಮತ್ತೆ ಮಿಸ್ತ್ರಿಗಿರಿ ಇಲ್ಲ.

"ನಟ್ಟು ಬೋಲ್ಟು ಎಣಿಸಿ ಕೊಡೂದು. ಆರಾಮ ನೌಕರಿ" ಎಂದಳು ಅಕ್ಕ. "ನನ್ನ ನೆಳ್ಳು ಬಿದ್ದ ಜಾಗಾಕ್ಕ ನೀವು ಹೋಗೂದು ಬ್ಯಾಡ."

ಮಾಮಾ ನನ್ನ ಮುಖ ನೋಡಿದರು. ನಾನು ಬೇಕೆಂದೇ ಅವರ ಕಣ್ಣಿಗೆ ಕಣ್ಣು ಕೊಟ್ಟು ನೋಡಿದೆ. ಅವರು ತಲೆ ತಗ್ಗಿಸಿದರು.

ನೌಕೆ ಶುಕ್ರವಾರ ಹಾರಬೇಕಿತ್ತು. ಪೈಲಟ್ಟುಗಳು ಒಳಗೆ ಕೂತು, ಬಾಗಿಲು ಹಾಕಿ, ಎಣಿಕೆ ನಡೆದು, ಇನ್ನೇನು ಅನ್ನುವಾಗ ಕಂಪ್ಯೂಟರುಗಳು ಒಂದಕ್ಕೊಂದು ಹೊಂದಲಿಲ್ಲ ಎಂದು ನಿಲ್ಲಿಸಿದರು. ಮಾಮಾ ರೇಡಿಯೋದ ಮುಂದಿನಿಂದ ಎದ್ದು "ಇಳಿಸಿದ್ರೇನು ಅವರ್ನ? ಇಳಿಸಿದ್ರ ಮತ್ತ ಹತ್ತತಾರೇನು?" ಎಂದು ಕೇಳಿದರು. ಹತ್ತುತ್ತಾರೆ ಎಂದೆ. "ಧೈರ್ಯ ಭಾಳ" ಎಂದು ಹೊರಗೆ ಹೋದರು.

ಭಾನುವಾರ ಸಂಜೆ ಖಾಜಾಭಾಯಿಯೂ ಬಂದರು, ಕಂಕುಳಲ್ಲಿ ಬಡಿಗೆ ಊರಿಕೊಂಡು. ರೇಡಿಯೋದಲ್ಲಿ ನಾನು ವಿದೇಶದ ಸ್ಟೇಶನ್ನು ಹಿಡಿದಿದ್ದೆ, ಅದು ಕರಕರ ಅನ್ನುತ್ತ ಹೋಗುತ್ತಿತ್ತು, ಬರುತ್ತಿತ್ತು. ಎಣಿಕೆ ಮುಗಿದು ಗರ್ಜನೆ ಎದ್ದಾಗ ಖಾಜಾಭಾಯಿ "ಅರೆ, ಕಿಲ್ನು ಸುರು ಆದಂಗದ!" ಎಂದರು. ನೌಕೆ ಏರಿತು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತು "ಅವರ ಮನಿ ಹೆಂಗಸ್ರು ಹ್ಯಾಂಗ ತಡಕೊಂಡಾರೋ ಏನೋ" ಎಂದಳು. ಮಾಮಾ ಅಂದು ರಾತ್ರಿ ಹೊಟ್ಟೆತುಂಬ ಉಂಡರು. ನನಗೂ ಗೆದ್ದೆವು ಅನಿಸಿತು.

ಸೋಮವಾರ ಶಾಲೆಯಲ್ಲಿದ್ದಾಗ ರೇಡಿಯೋದಲ್ಲಿ ಸುದ್ದಿ ಬಂತು. ಆಕಾಶದಲ್ಲಿ ನೌಕೆಯ ಬೆನ್ನ ಮೇಲಿನ ಬಾಗಿಲು ತೆರೆದು ನೋಡಿದರೆ ಬಾಲದ ಹತ್ತಿರ ಬಿಲ್ಲೆಗಳು ಉದುರಿದ್ದವು. ನಾನು ಬಿಸಿಲಲ್ಲಿ ಓಡಿಕೊಂಡು ಮನೆಗೆ ಬಂದೆ. ಮುಚ್ಚಿಡುವ ಯೋಚನೆಯೇ ಬರಲಿಲ್ಲ, ಬಂದಿದ್ದರೂ ನನ್ನಿಂದ ಆಗುತ್ತಿರಲಿಲ್ಲ. ಮಾಮಾ ಮತ್ತು ಖಾಜಾಭಾಯಿ ಕಟ್ಟೆಯ ಮೇಲಿದ್ದರು. ಹೇಳಿದೆ.

"ಹೊಟ್ಟಿ ಕೆಳಗಿನವು?" ಎಂದರು ಮಾಮಾ. ಇಳಿಯುವಾಗ ಹೆಚ್ಚಿನ ಬೆಂಕಿ ತಾಗುವುದು ಅಲ್ಲಿಗೇ ಎಂದು ನಾನೇ ಅವರಿಗೆ ಹೇಳಿದ್ದೆ.

"ಒಳಗ ಕುಂತವ್ರಿಗಿ ಕಾಣಂಗಿಲ್ಲಂತ್ರಿ. ಇಳಿಯುವಾಗನ ಗೊತ್ತಾಗ್ತದ. ಇಂಜಿನ್ನೂ ಇರಂಗಿಲ್ಲ, ತೇಲ್ಕೋತ ಬರಬೇಕು. ಒಂದ ಸಲ, ಮತ್ತ ತಿರುಗಿ ಮ್ಯಾಲ ಹೋಗಾಕ ಬರಂಗಿಲ್ಲ."

"ಯಾವಾಗ?"

"ನಾಳಿ ರಾತ್ರಿ."

ಗ್ಯಾಂಗು ಒಳಗೆ ಹೋಗುವುದು ನಾಳೆ ಬೆಳಿಗ್ಗೆ. ಅವರು ಇಳಿದ ಮೇಲೆ ಹೇಳುತ್ತೇನೆಂಬ ಮಾಮಾನ ಆಣೆಗೆ ಅರ್ಥವೇ ಉಳಿಯಲಿಲ್ಲ. ಅವರು ಎದ್ದರು, ಒಂದು ಸುತ್ತು ಹಾಕಿದರು, ನನ್ನ ಮುಂದೆ ನಿಂತರು.

"ಆ ಫರಸಿ ಹಚ್ಚಿದವ್ರು ಈಗ ಏನ್ ಮಾಡಾಕತ್ತಿರಬೇಕು?"

"ಏನ್ ಮಾಡ್ತಾರ್ರಿ, ಕಾಯಬೇಕು."

"ಕಾಯ್ತಾರ. ಅವ್ರಿಗಿ ಕಾಯೂ ಹಕ್ಕದ. ಅವ್ರು ಎಳದು ನೋಡ್ಯಾರ, ಸರಿ ಇಲ್ಲದ್ದು ಕಿತ್ತಾರ. ನಾ ಯಾವ ಬಾಯಿಲೆ ಕಾಯಲಿ?" ಎಂದರು. ಮತ್ತೆ ಅಡ್ಡಾಡಲಿಲ್ಲ. ಸೀದಾ ಅಡುಗೆಮನೆಯ ಬಾಗಿಲಿಗೆ ಹೋದರು.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಡುವೆಯೇ ನಿಂತಿತು. ಮಾಮಾ ಎಲ್ಲವನ್ನೂ ಹೇಳಿದರು, ದೀಪಾವಳಿಯ ಗಡಿಬಿಡಿ, ಅಗಲವಾದ ಸಂದು, ಎರಡು ತಗಡು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯೆದ್ದಿತು. ಅಕ್ಕ ಅದನ್ನು ತೆಗೆಯಲಿಲ್ಲ.

"ಎಳ್ಳಮಾಸಿಯಿಂದ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

ಹಿಂದಿನಿಂದ ಬಡಿಗೆಯ ಸದ್ದಾಯಿತು. ಖಾಜಾಭಾಯಿ ಪಡಸಾಲೆಗೆ ಬಂದು ನಿಂತಿದ್ದರು. "ಭಾಭಿ, ಅವ ಒಬ್ಬಂದ ತಪ್ಪಲ್ಲ. ದುಸ್ರಾ ತಗಡು ಕೈಯಾಗ ಕೊಟ್ಟಾಂವ ನಾ. ಚಲೋ ಭಾಯಿ, ಹಬ್ಬ ಅದ, ಬಡಿ ಅಂದಾಂವ ನಾ."

ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಅವಳು ಮಾಮಾನಿಗೆ ಹೀಗೆ ಸಿಟ್ಟಿನಿಂದ ಎದುರಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಇಬ್ಬರೂ ಗಂಡಸ್ರು ಕೂಡಿ ನನ್ನ ಹೆಸರಿನ ಹಿಂದ ಅಡಗಿ ಕುಂತಿದ್ರೇನು?" ಎಂದಳು. "ನಾ ಹಗಲೆಲ್ಲ ಬಾಗಿಲು ಮುಂದ ಮಾಡಿಕೊಂಡು ಕುಂತೀನಿ. ನನ್ನ ತಲ್ಯಾಗ ಏನೇನು ಬಂದಾವ ಗೊತ್ತದೇನು ನಿಮಗ? ನಾ ಈ ಮನಿಗಿ ಬರಬಾರದಿತ್ತು ಅಂತ ಬಂದಾವ."

ಖಾಜಾಭಾಯಿ "ಮಾಫ್ ಮಾಡ್ರಿ" ಎಂದರು. ಅಕ್ಕ ಅಳುತ್ತಾಳೆ ಎಂದು ನಾನು ಮುಂದೆ ಹೋದೆ. ಅವಳು ಅಳಲಿಲ್ಲ. ಸೀದ ರೊಟ್ಟಿಯನ್ನು ತೆಗೆದು ಮೂಲೆಗೆ ಒಗೆದಳು.

"ಸ್ಟೋರಿಗಿ ಹೋಗೂದು ಬ್ಯಾಡ. ನಾಳಿ ಒಳಗ ಹೋಗ್ರಿ. ಕೊನೀ ಇಟ್ಟಂಗಿ ಮ್ಯಾಲ ನನ್ನ ಹೆಸರ ಬರೀರಿ. ಬ್ಯಾರೆ ಯಾರದೂ ಬರೀಬ್ಯಾಡ್ರಿ. ಒಂದ ತಗಡು ಹಾಕ್ರಿ." ಕುಳಿತು ಹೊಸ ಹಿಟ್ಟು ತೆಗೆದುಕೊಂಡಳು. "ನೀವು ಹೋಗಬ್ಯಾಡ್ರಿ ಖಾಜಾಭಾಯಿ, ಉಂಡು ಹೋಗ್ರಿ." ಆ ದಿನ ರೊಟ್ಟಿ ಬಡಿದ ಸದ್ದು ಮೂರು ಮನೆಗೆ ಕೇಳಿರಬೇಕು.

ಮಂಗಳವಾರ ಬೆಳಿಗ್ಗೆ ಮಾಮಾ ಹೋದರು. ಸಾಹೇಬರಿಗೆ ಎರಡು ತಗಡಿನ ವಿಷಯ ಹೇಳಿಯೇ ಒಳಗೆ ಹೋದರಂತೆ. ಸಾಹೇಬರು ಉಗಿದರಂತೆ, ಆಮೇಲೆ ಹೋಗು ಅಂದರಂತೆ. ಆ ಇಡೀ ದಿನ ನಾನು ಮಾಡಿದ ಕೆಲಸ ಯಾವುದೂ ನೆನಪಿಲ್ಲ. ಸ್ಟೇಶನ್ ರಸ್ತೆಯಲ್ಲಿ ಜಯಂತಿಯ ನೀಲಿ ಧ್ವಜಗಳ ಮೆರವಣಿಗೆ ಹೋಯಿತು, ಹಲಗೆ ಬಾರಿಸಿದರು. ಅಕ್ಕ ಜೋಳ ಹಸನು ಮಾಡುತ್ತ ಕುಳಿತಿದ್ದಳು, ನಾನು ಅಂಗಳದಲ್ಲಿ ಒಬ್ಬಳೇ ಅಡ್ಡಾಡಿದೆ. ಮೇಲೆ ಇಬ್ಬರು, ಕಿಲ್ನಿನಲ್ಲಿ ಒಬ್ಬರು. ಯಾರ ಮೇಲೆ ಏನು ಉದುರುತ್ತದೋ! ಮಾಮಾ ರಾತ್ರಿ ಪಾಳಿಗೂ ಅಲ್ಲೇ ಉಳಿದರು.

ಬುಧವಾರ ಬೆಳಗಿನ ವಾರ್ತೆಯಲ್ಲಿ ಮೊದಲ ಸುದ್ದಿಯೇ ಅದು. ಇಳಿದಿದ್ದರು. ಒಣಗಿದ ಕೆರೆಯಂಗಳದ ಮೇಲೆ ಚಕ್ರ ತಾಗಿಸಿ, ಉದ್ದಕ್ಕೆ ಓಡಿ ನಿಂತಿದ್ದರು. ಇಬ್ಬರೂ ನಡೆದುಕೊಂಡು ಹೊರಗೆ ಬಂದಿದ್ದರು. ನಾನು ಕಿರುಚಿದೆ. ಅಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟು "ನಡಿ, ಹೇಳಿ ಬರೂಣು" ಎಂದಳು. ಹೆಂಗಸರು ಕಿಲ್ನಿನ ಕಡೆಗೆ ಹೋಗುವ ರೂಢಿಯೇ ಇರಲಿಲ್ಲ. ಗೇಟಿನವನು ಬೇಡ ಅನ್ನಲು ಬಾಯಿ ತೆರೆದ, ಅಕ್ಕನ ಮುಖ ನೋಡಿ ಮುಚ್ಚಿಕೊಂಡ.

ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಆ ದೊಡ್ಡ ಕೊಳವೆ ನಿಶ್ಶಬ್ದವಾಗಿ ಮಲಗಿತ್ತು. ಅದರ ಪಕ್ಕ ಖಾಜಾಭಾಯಿ ಸ್ಟೂಲಿನ ಮೇಲೆ ಕುಳಿತಿದ್ದರು, ಕೈಯಲ್ಲಿ ಸುತ್ತಿಗೆ. ಕೊನೆಯ ಇಟ್ಟಂಗಿ ಕೂತ ಮೇಲೆ ಮಿಸ್ತ್ರಿ ಒಳಗಿನಿಂದ ಮೂರು ಏಟು ಬಡಿಯುತ್ತಾನೆ, ಹೊರಗಿನವನು ಉಕ್ಕಿನ ಮೇಲೆ ಮೂರು ಏಟು ಉತ್ತರ ಕೊಡುತ್ತಾನೆ. ಒಳಗೂ ಸರಿ, ಹೊರಗೂ ಸರಿ ಎಂದು ಅದರ ಅರ್ಥ. ಕಾಲು ಹೋದ ಮೇಲೆ ಖಾಜಾಭಾಯಿಗೆ ಅದೇ ಕೆಲಸ.

"ಇಳಿದ್ರು ಖಾಜಾಭಾಯಿ! ಮಾಮಾಗ ಹೇಳಬೇಕು" ಎಂದೆ.

"ಸಬರ್ ಮಾಡ್ರಿ ಅಕ್ಕೋರ. ಅವ ಕೊನೀ ಇಟ್ಟಂಗಿಗಿ ಬಂದಾನ. ಈಗ ಅವಗ ಆಕಾಶದ ಸುದ್ದಿ ಬ್ಯಾಡ."

ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬೆರಳು ಕಚ್ಚುತ್ತ ನಿಂತೆ. ಒಳಗೆ ಏನೋ ಉಜ್ಜುವ ಸದ್ದು, ಮಾತಿನ ಗುನುಗು, ಮರದ ಸುತ್ತಿಗೆಯ ಏಟು. ಒಮ್ಮೆ ಎಲ್ಲವೂ ನಿಂತು, ಇಟ್ಟಂಗಿಯೊಂದನ್ನು ಹೊರಗೆಳೆದು ಎಸೆದ ಸದ್ದು. ಖಾಜಾಭಾಯಿ ತಲೆಯಾಡಿಸಿ "ಕಿತ್ತ. ಹೊಂದಲಿಲ್ಲ, ಕಿತ್ತ. ಬ್ಯಾರೇದು ಕಡಿಯಾಕತ್ತಾನ" ಎಂದರು. ಅವರ ಕಣ್ಣು ತುಂಬಿತ್ತು. ಅಕ್ಕ ಕೊಳವೆಯನ್ನೇ ನೋಡುತ್ತ ನಿಂತಿದ್ದಳು. ಮತ್ತೆ ಬಹಳ ಹೊತ್ತು. ಆಮೇಲೆ ಒಳಗಿನಿಂದ ಮೂರು ಏಟು ಬಂದವು, ಒಂದೊಂದೂ ಬಿಡಿಬಿಡಿಯಾಗಿ.

ಖಾಜಾಭಾಯಿ ಸುತ್ತಿಗೆ ಎತ್ತಿದವರು ಅದನ್ನು ಅಕ್ಕನ ಕಡೆಗೆ ಚಾಚಿದರು. "ನೀವ ಹೊಡೀರಿ ಭಾಭಿ."

ಅಕ್ಕ ಸೆರಗು ಸಿಕ್ಕಿಸಿ, ಎರಡೂ ಕೈಯಿಂದ ಸುತ್ತಿಗೆ ಹಿಡಿದು ಹೊಡೆದಳು. ಏಟು ಬಲವಾಗಿತ್ತು. ಉಕ್ಕು ಗುಂಯ್ ಅಂದದ್ದು ನನ್ನ ಕಾಲಿನವರೆಗೆ ಇಳಿಯಿತು. ಮೂರು ಹೊಡೆದು ಸುತ್ತಿಗೆ ಹಿಂದಕ್ಕೆ ಕೊಟ್ಟಳು.

ಮಾಮಾ ಹೊರಗೆ ಬಂದಾಗ ಹುಬ್ಬು, ಮೀಸೆ, ಎಲ್ಲ ಧೂಳು. ಏಟು ಹೊಡೆದವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅಕ್ಕನನ್ನು ನೋಡಿ ನಿಂತುಬಿಟ್ಟರು. "ಬರದೀನಿ" ಎಂದರು. ಅಕ್ಕ "ಹೂಂ" ಎಂದಳು. ನಾನು ತಡೆಯಲಾರದೆ "ಇಳಿದ್ರು ಮಾಮಾ, ಇಬ್ಬರೂ ಸುಖವಾಗಿ ಇಳಿದ್ರು" ಎಂದು ಕೂಗಿದೆ. ಅವರು ಧೂಳಿನ ಕೈಯಿಂದಲೇ ಮುಖ ಒರೆಸಿಕೊಂಡರು.

"ಕೆಳಗಿನ ಫರಸಿ?"

"ನಿಂತಾವಂತ್ರಿ. ಅದ ನೌಕೆ ಮತ್ತ ಹೋಗ್ತದಂತ."

"ಹೋಗಲೇಬೇಕು" ಎಂದು ಮಾಮಾ ಅಲ್ಲೇ ಮೆಟ್ಟಿಲ ಮೇಲೆ ಕುಳಿತರು.

ಮರುದಿನ ಬೆಳಿಗ್ಗೆ ನಳದ ಹತ್ತಿರ ಹೆಂಗಸರು ನೆರೆಯುವ ಹೊತ್ತು. ಅಕ್ಕ ಹಿತ್ತಾಳೆಯ ಕೊಡ ತೊಳೆದು ಸೊಂಟಕ್ಕಿಟ್ಟುಕೊಂಡಳು. ಶಾಲೆಗೆ ತಡವಾದರೂ ಸರಿ ಎಂದು ನಾನು ಹಿಂದೆಯೇ ಹೋದೆ. ಅವಳನ್ನು ನೋಡಿ ಹೆಂಗಸರ ಮಾತು ನಿಂತಿತು. ಅಕ್ಕ ಸಾಲಿನ ಕೊನೆಯಲ್ಲಿ ಕೊಡ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ದೀಪಾವಳಿಗಿ ನಮ್ಮ ಮನ್ಯಾವ್ರು ಎರಡು ತಗಡು ಹಾಕಿದ್ರಂತ, ಅದಕ್ಕ ಬಿದ್ದದ. ಈ ಸಲ ಒಂದ ಹಾಕ್ಯಾರ. ಈ ಸಲನೂ ನನ್ನ ಹೆಸರ ಬರದಾರ. ಬಿದ್ರ ಬಂದು ಹೇಳ್ರಿ ನನಗ."

ಮುಂದಿದ್ದವಳೊಬ್ಬಳು ತನ್ನ ಕೊಡ ಸರಿಸಿ ಜಾಗ ಕೊಡಲು ಬಂದಳು. ಅಕ್ಕ "ಬ್ಯಾಡವ್ವ, ನನ್ನ ಪಾಳಿ ಬಂದಾಗ ತುಂಬತೀನಿ" ಎಂದು ಅಲ್ಲೇ ನಿಂತಳು.

ಆ ನೌಕೆ ಅದೇ ವರ್ಷ ದೀಪಾವಳಿ ಕಳೆದ ಮೇಲೆ ಮತ್ತೆ ಹಾರಿತು, ಮತ್ತೆ ಇಳಿಯಿತು. ಅಕ್ಕನ ಹೆಸರು ಬರೆದ ರಿಂಗು ಮುಂದಿನ ಬೇಸಿಗೆಯ ತನಕ ಬಿಗಿಯಾಗಿ ನಿಂತಿತ್ತು. ಹಳೆಯದಾಯಿತೆಂದು ಮಾಮಾನೇ ಒಡೆದು ತೆಗೆಯಬೇಕಾಯಿತು. ಆ ಒಂದು ಇಟ್ಟಂಗಿಯನ್ನು ಮನೆಗೆ ತಂದಿದ್ದರು. ಹೆಸರು ಇರಲಿಲ್ಲ, ಉರಿದು ಹೋಗಿತ್ತು. ಅಕ್ಕ ಅದನ್ನು ಕೊಡ ಇಡುವ ಕಟ್ಟೆಗೆ ಹಾಕಿಸಿಕೊಂಡಳು.